ಆರಿಂಚು ಪೈಪಿನ ಸಬ್‌ಮೆರೀನು

"ಪಂಪಿನ ಕೆಸರು ಬಳಿಯೋ ಕೈ ಇದು. ಇದಕ್ಕೆ ಅಣುಶಕ್ತಿ ಯಾವಾಗ ಅಂಟ್ಕೊಳ್ತು ಮಾರಾಯಾ?"

ಮುಕುಂದಯ್ಯ ಮೇಷ್ಟ್ರು ಸಂದೇಶನ ಮಣಿಕಟ್ಟು ಹಿಡಿದು, ಹರಾಜಿನ ಮಾಲಿನ ಹಾಗೆ ಮೇಲೆತ್ತಿ ತೋರಿಸಿದರು. ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಗೆ ಕೂತಿತ್ತು. ರಿಪ್ಪನ್‌ಪೇಟೆ ಹೈಸ್ಕೂಲಿನ ಹಾಲಿನಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ ನೋಡಲು ಬಂದಿದ್ದ ಅಪ್ಪ ಅಮ್ಮಂದಿರು ಗೊಳ್ಳೆಂದು ನಕ್ಕರು.

"ಒಂಬತ್ತನೇ ಕ್ಲಾಸು ದಾಟದವ ನೀನು. ಹಗ್ಗದ ಆಚೆ ನಿಂತ್ಕೊ. ಹೊರಗಿನವ್ರು ಮುಟ್ಟಿದ್ರೂ ಅಷ್ಟೇ, ಹೇಳಿಕೊಟ್ರೂ ಅಷ್ಟೇ, ನಿನ್ ತಂಗಿ ಹೆಸರು ಹೊಡೆದು ಹಾಕ್ತೀನಿ."

ಸಂದೇಶನ ಕಿವಿ ಕಾದ ಸೈಲೆನ್ಸರಿನ ಹಾಗಾಯಿತು. ಆರು ವರ್ಷದ ಹಿಂದೆ ಇದೇ ಮೇಷ್ಟ್ರು, ಇಂಥದೇ ಮಾತು. ಅವತ್ತು ಅವನು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದವನು ಮತ್ತೆ ಶಾಲೆಯ ಗೇಟು ದಾಟಿರಲಿಲ್ಲ. ಇವತ್ತು ಮಾತ್ರ ಹಗ್ಗದ ಆಚೆ ಹೋಗಿ ನಿಂತ.

ಮೇಷ್ಟ್ರು ಹಿಡಿಯುವ ಮೊದಲು ಅವನು ಕೈ ಚಾಚಿದ್ದು ಸದ್ದು ಕೇಳಿ. ಬೆಂಚಿನ ಮೇಲಿನ ನೀರಿನ ಟಬ್ಬಿನಲ್ಲಿ ತಂಗಿ ಧೃತಿಯ ಸಬ್‌ಮೆರೀನು ಅರ್ಧ ಮುಳುಗಿ ತೇಲುತ್ತಿತ್ತು. ಬೋರಿಗೆ ಇಳಿಸುವ ಆರಿಂಚಿನ ಪೈಪು. ಮೇಲಿನ ಅರ್ಧ ಸೀಳಿ ತೆಗೆದದ್ದರಿಂದ ಒಳಗಿನದೆಲ್ಲ ಕಾಣುತ್ತಿತ್ತು. ಪೈಪು ಸೀಳಿಕೊಟ್ಟದ್ದಷ್ಟೇ ಅವನು. ಅಣುಸ್ಥಾವರ, ಹಬೆಯ ಕೊಳವೆ, ಟರ್ಬೈನು ಎಲ್ಲಿ ಕೂರಬೇಕೆಂದು ಅಳೆದು, ಪುಟ್ಟ ಪಂಪಿನ ಅಡಿಗೆ ಬೈಕಿನ ಟ್ಯೂಬು ಕತ್ತರಿಸಿ ನಾಲ್ಕು ಸಲ ಹಚ್ಚಿ ನಾಲ್ಕು ಸಲ ಕಿತ್ತವಳು ಅವಳು. ನಿನ್ನೆ ಮನೆಯಲ್ಲಿ ಓಡಿಸಿದಾಗ ಸೊಲ್ಲಿರಲಿಲ್ಲ. ಈಗ ಗರಗರ ಎನ್ನುತ್ತಿತ್ತು.

"ಹೊಗೆ ಪೈಪೆಲ್ಲಿ? ಗಾಳಿ ತಗೊಳ್ಳೋಕೆ ಮೇಲೆ ಬರೋದು ಬ್ಯಾಡ್ವಾ ಇದು?" ಮೇಷ್ಟ್ರು ಕೇಳಿದರು.

"ಇದು ಡೀಸೆಲಿಂದಲ್ಲ ಸಾರ್," ಬೆಂಚಿನ ಹಿಂದಿನಿಂದ ಧೃತಿ ಎಂದಳು. "ಒಳಗೆ ಬೆಂಕಿನೇ ಇಲ್ಲ. ಯುರೇನಿಯಂ ಒಡೆದ ಬಿಸಿಗೆ ನೀರು ಕಾದು, ಹಬೆ ಟರ್ಬೈನ್ ತಿರುಗಿಸುತ್ತೆ. ಉಸಿರಾಡೋ ಗಾಳಿನೂ ನೀರಿಂದಲೇ ತೆಗೀತಾರೆ. ಊಟದ ಸಾಮಾನು ಮುಗಿದ್ರೆ ಮಾತ್ರ ವಾಪಸ್ ಬರ್ಬೇಕು."

"ಅಕ್ಕಿ ಮುಗಿದ್ರೆ ಅಲ್ಲಿಗೂ ಕಷ್ಟನೇ ಅನ್ನು!" ಹಿಂದಿನಿಂದ ಯಾವುದೋ ಹುಡುಗನ ತಾಯಿ ಮಾಸ್ತಮ್ಮ ಎಂದಳು. ಜನ ಇನ್ನೊಮ್ಮೆ ನಕ್ಕರು.

"ಕಿಟಕಿ?"

"ಇಲ್ಲ ಸಾರ್. ಮೂತಿ ಪೂರ್ತಿ ಕಿವಿನೇ. ಬೇರೆ ಹಡಗಿನ ಸದ್ದು ಕೇಳ್ಕೊಂಡು ಬೆನ್ನು ಹತ್ತಿ ಟಾರ್ಪೆಡೊ ಬಿಡೋದು. ಆದ್ರೆ ತಾನು ನಿಂತಿದ್ರೂ ಸ್ಥಾವರ ತಣ್ಣಗಿಡೋ ಪಂಪು ನಿಲ್ಸೋ ಹಾಗಿಲ್ಲ. ಆ ಸದ್ದು ಹೊರಗೆ ಹೋಯ್ತಾ, ಬೇರೆಯವ್ರು ಇದನ್ನ ಹಿಡೀತಾರೆ. ಅದಕ್ಕೇ ಪಂಪನ್ನ ಮೈಗೆ ತಾಗಿಸದೆ ರಬ್ಬರ್ ಮೇಲೆ ಕೂರ್ಸೋದು."

"ನಿಂದು ಹೊಸನಗರದವರೆಗೂ ಕೇಳ್ತಾ ಇದೆಯಲ್ಲೇ!"

ಧೃತಿಯ ಮುಖ ಸಣ್ಣದಾಯಿತು. ಪಕ್ಕದಲ್ಲಿ ಹೆಡ್‌ಮಿಸ್ ಜಲಜಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು. ಜಿಲ್ಲೆಗೆ ಆಯ್ಕೆಯಾದರೆ ಸಾಗರದ ಹಾಸ್ಟೆಲಿನಲ್ಲಿಟ್ಟು ಪಿಯುಸಿ ಸೈನ್ಸ್ ಓದಿಸುತ್ತೇನೆಂದು ಮಾತು ಕೊಟ್ಟವರು ಅವರೇ. ಇಲ್ಲದಿದ್ದರೆ ಹತ್ತಕ್ಕೇ ಸಾಕೆಂದು ಅಮ್ಮ ಹೇಳಿಯಾಗಿತ್ತು.

ಸಂದೇಶನಿಗೆ ಎಲ್ಲಿ ತಪ್ಪಿದೆಯೆಂದು ಗೊತ್ತಿತ್ತು. ರಿಪೇರಿಯಾದ ಮೋಟಾರನ್ನು ಬಸ್ಸಿಗೆ ಹಾಕುವಾಗ ಕುಲುಕಾಡದಿರಲಿ ಎಂದು ಅಡಿಗೆ ಅಡಿಕೆ ಹಾಳೆ ಮಡಚಿ ತುರುಕುವುದು ಅವನ ರೂಢಿ. ಬೆಳಿಗ್ಗೆ ಇದರ ಪಂಪಿನ ಅಡಿಗೂ ಯೋಚಿಸದೆಯೇ ಕೈ ಅದನ್ನು ಮಾಡಿತ್ತು, ತೆಗೆಯುವುದು ಮರೆತಿತ್ತು; ಪಂಪಿನ ನಡುಕ ಹಾಳೆ ಹಿಡಿದು ಪೈಪಿಗೆ ಇಳಿಯುತ್ತಿತ್ತು. 'ಹಾಳೆ' ಎಂದರೆ ಸಾಕು. ಮಾತು ನಾಲಗೆಯ ತುದಿಗೆ ಬಂತು. ಬಸ್ಸಿನಲ್ಲಿ ಧೃತಿ ಹೇಳಿದ್ದೂ ನೆನಪಾಯಿತು: "ಅಣ್ಣಾ, ಅಲ್ಲಿ ನೀ ಎಂತದೂ ಮಾತಾಡ್ಬ್ಯಾಡ. ಸಿಟ್ಟು ಬಂದ್ರೆ ಹೊರಗೆ ಹೋಗು, ಅಷ್ಟೇ." ಹಲ್ಲು ಕಚ್ಚಿ, ಕಣ್ಣಿನಲ್ಲೂ ಏನೂ ಹೇಳಬಾರದೆಂದು ಗೋಡೆ ನೋಡಿದ.

ಧೃತಿ ಅವನ ಕಡೆ ತಿರುಗಲೇ ಇಲ್ಲ. ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಪೈಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡಳು. ಕೆಟ್ಟ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನು ಬೇರಿಂಗಿನ ಸದ್ದು ಕೇಳುತ್ತಿದ್ದದ್ದು ಹಾಗೆಯೇ. ಮೂತಿಯ ಹತ್ತಿರ ಕೇಳಿದಳು, ನಡುವೆ ಕೇಳಿದಳು. ಪಂಪಿನ ಬುಡಕ್ಕೆ ಬಂದಾಗ ಕಣ್ಣು ಮುಚ್ಚಿದಳು. ಆಮೇಲೆ ಎರಡು ಬೆರಳು ಅಡಿಗೆ ತೂರಿಸಿ, ಮಡಚಿದ ಹಾಳೆಯ ತುಂಡೊಂದನ್ನು ಎಳೆದು ಬೆಂಚಿನ ಮೇಲಿಟ್ಟಳು.

ಗರಗರ ನಿಂತಿತು. ಟಬ್ಬಿನ ನೀರಲ್ಲಿ ಚೂರು ಚೂರಾಗಿ ನಡುಗುತ್ತಿದ್ದ ಟ್ಯೂಬ್‌ಲೈಟು ಮೆಲ್ಲಗೆ ಕೂಡಿಕೊಂಡು ಒಂದೇ ಗೆರೆಯಾಯಿತು.

"ಆಫ್ ಮಾಡಿದ್ಯನೇ?" ಮೇಷ್ಟ್ರು ಬಗ್ಗಿದರು.

"ಇಲ್ಲ ಸಾರ್. ಓಡ್ತಾ ಇದೆ."

ಅವರು ಬಹಳ ಹೊತ್ತು ನೋಡಿದರು. ಜಲಜಮ್ಮ ಏನೋ ಬರೆದುಕೊಂಡರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಹಗ್ಗದ ಕಡೆ ತಿರುಗಿದರು.

"ನಿಜ ಹೇಳೋ ಸಂದೇಶ. ಇದಿಷ್ಟೂ ನಿನ್ನದೇ ಕೆಲ್ಸ ತಾನೆ? ಹುಡುಗಿಗೆ ಇದೆಲ್ಲ ಎಲ್ಲಿ ಬರ್ಬೇಕು! ನೀನು ಬುದ್ಧಿವಂತನೇ ಕಣಾ, ನಾನೇ ಅವತ್ತು ಸರಿಯಾಗಿ ನೋಡ್ಲಿಲ್ಲ."

ಈ ಒಂದು ಮಾತು ಕೇಳಬೇಕೆಂದು ಅವನು ಆರು ವರ್ಷ ಒಳಗೇ ಉರಿದಿದ್ದ. ಈಗ ಅದು ಹೀಗೆ ಬಂದಿತ್ತು, ಧೃತಿಯ ಕೈಯಿಂದ ಕಿತ್ತು ಅವನಿಗೆ ಕೊಟ್ಟ ಹಾಗೆ. 'ಅಲ್ಲ' ಎಂದರೆ ಮುಗಿಯುತ್ತಿತ್ತು. ಆದರೆ ಅವನಿಗೆ ತನ್ನ ಬಾಯಿ ಗೊತ್ತಿತ್ತು. ಆ 'ಅಲ್ಲ'ದ ಬೆನ್ನಿಗೇ ಆರು ವರ್ಷದ ಸಿಟ್ಟೆಲ್ಲ ನುಗ್ಗಿ ಬರುತ್ತಿತ್ತು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಗ್ರೀಸಿನ ಕೈ ಎರಡನ್ನೂ ಪ್ಯಾಂಟಿನ ಜೇಬಿಗಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ನಡೆದ.

"ಕೇಳಿದ್ದಕ್ಕೆ ಉತ್ತರ ಇಲ್ವನಾ?" ಮೇಷ್ಟ್ರು ಕೂಗಿದರು.

ಹೊಸ್ತಿಲು ದಾಟುವವರೆಗೂ ಅವನ ಕಿವಿ ಹಿಂದೆಯೇ ಇತ್ತು. ಪಂಪು ಓಡುತ್ತಲೇ ಇದ್ದಿರಬೇಕು. ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ.