ಎಣ್ಣೆ ಕುಡಿಯುವ ಕಾರು

"ನನಗೆ ಗೊತ್ತಿಲ್ಲ" ಎಂಬ ಎರಡು ಪದ ಅವತ್ತು ನನ್ನ ಬಾಯಿಂದ ಹೊರಟಿದ್ದರೆ ಹೇಳಲು ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೊಟ್ಟೂರಿನಲ್ಲಿ ಇಪ್ಪತ್ತೆಂಟು ವರ್ಷ ಗ್ಯಾರೇಜು ನಡೆಸಿದ ನಾಗೇಂದ್ರಪ್ಪ ಮೇಸ್ತ್ರಿ, ಅಂದರೆ ನಾನು, ಆ ಮಾತು ಆಡುವ ಪೈಕಿಯವನಲ್ಲ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ನನ್ನ ಹೆಸರು. ಆ ಹೆಸರನ್ನು ಬೇರೆಯವರಿಗಿಂತ ಹೆಚ್ಚು ನಂಬಿದವನು ನಾನೇ.

2004ರ ಆಯುಧಪೂಜೆ. ಅದಿರಿನ ಭರಾಟೆ ಜೋರಾಗಿದ್ದ ಕಾಲ. ಪ್ರವೀಣಕುಮಾರನಿಗೆ ಉಜ್ಜಿನಿ ರಸ್ತೆಯಲ್ಲಿ ದೊಡ್ಡ ಯಾರ್ಡು, ಹನ್ನೆರಡು ಲಾರಿ. ಅಷ್ಟಕ್ಕೆ ಸಮಾಧಾನವಾಗದೆ ಆ ವರ್ಷ ಮುಂಬೈಯಿಂದ ಒಂದು ಹಳೆಯ ಜಪಾನಿ ಕಾರು ತರಿಸಿದ್ದ. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಮ್ಮ ರಸ್ತೆಗಳಿಗೆ ಇದು ಯಾಕಪ್ಪಾ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅದರದು ರೋಟರಿ ಎಂಜಿನ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಒಳಗೆ ಮೂರು ಮೂಲೆಯ ಎರಡು ದಪ್ಪ ಬಿಲ್ಲೆಗಳು ಗರಗರ ತಿರುಗುತ್ತವೆ, ಅಷ್ಟೇ. ಇದನ್ನು ಈಗ ಹೇಳುತ್ತಿದ್ದೇನೆ. ಅವತ್ತು ನನಗೆ ಇಷ್ಟೂ ಗೊತ್ತಿರಲಿಲ್ಲ.

ಕಾರನ್ನು ಮುಂಬೈಯಿಂದ ಓಡಿಸಿಕೊಂಡು ಬಂದವನು ಮಾರೇಶ್. ಹಡಗಲಿ ತಾಲ್ಲೂಕಿನ ಮಾಗಳದವನು. ಮೂವತ್ತರ ಹತ್ತಿರದ ವಯಸ್ಸು. ಮೊದಲು ಎರಡು ವರ್ಷ ನನ್ನ ಗ್ಯಾರೇಜಿನಲ್ಲೇ ಕೆಲಸ ಕಲಿತು ಆಮೇಲೆ ಪ್ರವೀಣಕುಮಾರನ ಹತ್ತಿರ ಲಾರಿ ಡ್ರೈವರ್ ಆಗಿ ಸೇರಿದ್ದ. ಕಾರು ಮಾರಿದವರ ಮನೆಯಲ್ಲಿ ಮೂರು ದಿನ ಉಳಿದು, ಅಲ್ಲಿನ ಹಳೆಯ ಡ್ರೈವರನಿಂದ ಅದರ ಗುಣಸ್ವಭಾವವನ್ನೆಲ್ಲ ಕೇಳಿಕೊಂಡು ಬಂದಿದ್ದ. ಬಂದವನೇ ನನಗೂ ಹೇಳಲು ನೋಡಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಹತ್ತಿರ ಸ್ಪ್ಯಾನರ್ ಹಿಡಿಯಲು ಕಲಿತವನು ನನಗೇ ಪಾಠ ಹೇಳುವುದೆಂದರೇನು!

ಆ ಯಾರ್ಡಿನಲ್ಲಿ ಒಂದು ಪದ್ಧತಿ. ಆಯುಧಪೂಜೆಯ ದಿನ ಯಾವ ಡ್ರೈವರೂ ಗಾಡಿ ಚಾಲೂ ಮಾಡುವಂತಿಲ್ಲ. ಪೂಜೆಯಾದ ಮೇಲೆ ಮೇಸ್ತ್ರಿಯೇ ಒಂದೊಂದು ಗಾಡಿ ಹತ್ತಬೇಕು. ಚಾಲೂ ಮಾಡಿ, ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಒಡೆಯುವಷ್ಟು ಮುಂದೆ ಸರಿಸಿ, ಬಂದ್ ಮಾಡಿ ಇಳಿಯಬೇಕು. ಮೇಸ್ತ್ರಿಯ ಕೈಗುಣಕ್ಕೆ ವರ್ಷವಿಡೀ ಗಾಡಿ ಕೈಕೊಡುವುದಿಲ್ಲ ಎಂಬ ನಂಬಿಕೆ. ವರ್ಷದಲ್ಲಿ ಆ ಒಂದು ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದೆ.

ಹನ್ನೆರಡು ಲಾರಿ ಮುಗಿಸಿ ಕೊನೆಗೆ ಕಾರಿನ ಹತ್ತಿರ ಬಂದೆ. ಮಾರೇಶ್ ಮೆಲ್ಲಗೆ ಪಕ್ಕಕ್ಕೆ ಬಂದು ಹೇಳಿದ: "ಮೇಸ್ತ್ರಿ, ಇದನ್ನ ಚಾಲೂ ಮಾಡಿದ್ ಮ್ಯಾಲೆ ಹತ್ತು ನಿಮಿಷ ಹಂಗ ಬಿಡ್ರಿ. ಬಿಸಿ ಆಗೋಕಿಂತ ಮುಂಚೆ ಬಂದ್ ಮಾಡಿದ್ರ ಒಳಗ ಪೆಟ್ರೋಲು ತುಂಬ್ಕಂಡು ಕುಂದರ್ತೈತಿ."

"ಲೇ, ಗಾಡಿ ಬಂದ್ ಮಾಡಾಕ ನಾನು ನಿನ್ನ ಅಪ್ಪಣಿ ಕೇಳ್ಬೇಕೇನಲೇ?" ಅಂದೆ.

ಸುತ್ತ ನಿಂತವರು ಘೊಳ್ಳೆಂದರು. ಅವನೂ ನಕ್ಕು ಹಿಂದೆ ಸರಿದ.

ಚಾಲೂ ಮಾಡಿದೆ, ಸರಿಸಿದೆ, ಬಂದ್ ಮಾಡಿದೆ. ಒಂದು ನಿಂಬೆಹಣ್ಣು ಒಡೆಯದೆ ಹೊರಳಿ ಹೋಗಿತ್ತು. ಪ್ರವೀಣಕುಮಾರನ ತಾಯಿ ಶಿವಬಸಮ್ಮ, "ಅಯ್ಯ, ಅದು ಆಗಂಗಿಲ್ಲ, ಇನ್ನೊಮ್ಮೆ ಹಾಯಿಸ್ರಿ" ಅಂದರು. ಹಿಂದಕ್ಕೆ ತಳ್ಳಿಸಿ ಮತ್ತೆ ಚಾಲೂ, ಮತ್ತೆ ಬಂದ್. ಈ ಸಲ ಫೋಟೋದವನು ರೀಲು ಬದಲಿಸುತ್ತಿದ್ದ. ಅವನಿಗಾಗಿ ಮೂರನೆಯ ಸಲ. ಫೋಟೋಕ್ಕೆ ನಾನು ಮುಗುಳ್ನಕ್ಕಿದ್ದೂ ನೆನಪಿದೆ.

ಕೋಸಂಬರಿ, ಹೋಳಿಗೆ ಊಟವಾಯಿತು. ತಾಯಿಯನ್ನು ಕೂರಿಸಿಕೊಂಡು ಊರಲ್ಲಿ ಒಂದು ಸುತ್ತು ಹಾಕಬೇಕೆಂದು ಪ್ರವೀಣಕುಮಾರ ಕಾರು ಹತ್ತಿದ. ಸೆಲ್ಫ್ ಹೊಡೆದ. ಎಂಜಿನ್ ಭರಭರ ತಿರುಗಿತೇ ಹೊರತು ಹಿಡಿಯಲಿಲ್ಲ. ಹತ್ತು ಸಲ ಹೊಡೆದ. ಹನ್ನೆರಡು ಲಾರಿಯ ಡ್ರೈವರುಗಳು, ಕ್ಲೀನರುಗಳು, ನೆಂಟರು, ಹತ್ತಿರ ಹತ್ತಿರ ನಲವತ್ತು ಜನ ಸುತ್ತುಗಟ್ಟಿದರು. ಎಲ್ಲರೂ ನೋಡಿದ್ದು ನನ್ನ ಮುಖ.

ಬಾನೆಟ್ ಎತ್ತಿದೆ. ಯಾವುದು ತಲೆ, ಯಾವುದು ಕಾಲು ಒಂದೂ ತಿಳಿಯಲಿಲ್ಲ. ಎಲ್ಲ ಪೆಟ್ರೋಲು ಗಾಡಿಗಳಲ್ಲಿ ಹುಡುಕುವಂತೆ ಹುಡುಕಿದೆ. ಪಕ್ಕದಲ್ಲಿ ನಾಲ್ಕು ಪ್ಲಗ್ ಸಿಕ್ಕವು. ಬಿಚ್ಚಿ ನೋಡಿದರೆ ತೊಯ್ದು ತೊಪ್ಪೆಯಾಗಿದ್ದವು. ಒರೆಸಿ ಹಿಡಿದರೆ ಕಿಡಿ ಚೆನ್ನಾಗಿಯೇ ಬಂತು. ಪೆಟ್ರೋಲು ಬರುತ್ತಿದೆ, ಕಿಡಿ ಇದೆ. ಹಾಗಾದರೆ ಒತ್ತಡ ನೋಡಬೇಕು. ಗೇಜು ಹಚ್ಚಿ ಸೆಲ್ಫ್ ಹೊಡೆಸಿದೆ. ಮುಳ್ಳು ಮೇಲೇಳಲೇ ಇಲ್ಲ. ಎಂಜಿನ್ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದೆ. ಗುರುತಿಗಿಂತ ಎರಡು ಬೆರಳು ಕೆಳಗಿತ್ತು.

"ಮೇಸ್ತ್ರಿ," ಮಾರೇಶ್ ಬಗ್ಗಿ ಹೇಳಿದ, "ಪಂಪಿನ ಫ್ಯೂಸ್ ತೆಗೀರಿ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡದು ಒಳಗಿನ ಪೆಟ್ರೋಲು ಹೊರಗ ಹಾರಿಸ್ರಿ. ಪ್ಲಗ್ಗಿನ ತೂತಿಗೆ ನಾಕ್ ಹನಿ ಎಣ್ಣಿ ಬಿಟ್ಟು, ಎಕ್ಸಲೇಟರ್ ಪೂರ್ತಿ ತುಳದು ಹೊಡೀರಿ. ಪೆಟ್ರೋಲು ಒಳಗಿನ ಎಣ್ಣಿ ತೊಳದು ಹಾಕಿರ್ತೈತಿ, ಅದಕ್ಕ ಒತ್ತಡ ಬರವಲ್ದು."

ಅವನು ನನಗೆ ಮಾತ್ರ ಕೇಳುವಂತೆ ಹೇಳಿದ್ದ. ನನ್ನ ಮರ್ಯಾದೆ ಕಾಯಲು ಎಂದು ಈಗ ತಿಳಿಯುತ್ತದೆ. ಅವತ್ತು ಮಾತ್ರ ಮೈಯೆಲ್ಲ ಉರಿಯಿತು. ಇವನ ಮಾತು ಕೇಳಿ ಗಾಡಿ ಚಾಲೂ ಆದರೆ, ಮೂರು ಸಲ ಬಂದ್ ಮಾಡಿ ಕೆಡಿಸಿದವನು ನಾನೇ ಎಂದಾಗುತ್ತದೆ. ಅದೂ ಕೈಗುಣದ ದಿನ, ನಲವತ್ತು ಜನರ ಎದುರು. ನೆಟ್ಟಗೆ ನಿಂತು ಗಟ್ಟಿಯಾಗಿ ಹೇಳಿದೆ: "ಎಂಜಿನ್ ಸತ್ತೈತಿ. ಎಣ್ಣಿ ಇಲ್ದ ಓಡಿಸ್ಯಾರ."

ಪ್ರವೀಣಕುಮಾರ ಮಾರೇಶನ ಕಡೆ ತಿರುಗಿದ. "ಹದಿನೈದು ದಿನಕ್ಕೊಂದು ಲೀಟರ್ ಎಣ್ಣಿ ಒಯ್ತಿದ್ಯಲ್ಲೋ. ಎಲ್ಲಿ ಹೋತು?"

"ಧಣಿ, ಇದು ಎಣ್ಣಿ ಕುಡಿಯೋ ಗಾಡಿ ರೀ. ಅದರ ಗುಣಾನ ಹಂಗ. ಮೇಸ್ತ್ರಿನ್ನ ಕೇಳ್ರಿ."

ಅವನು ನನ್ನನ್ನೇ ಸಾಕ್ಷಿಗೆ ಕರೆದ. ನಾನು ಕಾರಿನ ಕೆಳಗೆ ಬಗ್ಗಿ ನೋಡಿದೆ. ಸೋರಿದ ಗುರುತು ಇರಲಿಲ್ಲ. ನನಗೆ ಗೊತ್ತಿದ್ದ ಎಂಜಿನ್ನುಗಳಲ್ಲಿ ಎಣ್ಣೆ ಸೋರಬೇಕು, ಇಲ್ಲವೇ ನೀಲಿ ಹೊಗೆಯಾಗಿ ಹೋಗಬೇಕು. ಮೂರನೆಯ ದಾರಿ ನಾನು ಕಂಡವನಲ್ಲ.

"ಸೋರಿಲ್ಲ. ಹೊಗಿ ಬಂದಿದ್ದು ಯಾರೂ ನೋಡಿಲ್ಲ," ಅಂದೆ. "ಎಣ್ಣಿ ಎಂಜಿನ್ನಿಗೆ ಹೋಗಿಲ್ಲ ಅಂದ್ರ ಅಂಗಡಿಗೆ ಹೋಗಿರ್ಬೇಕು."

ಯಾರೋ ಹಿಂದಿನಿಂದ ಹಲ್ಲು ಕಿರಿದರು. ಪ್ರವೀಣಕುಮಾರ ಚಾವಿಗಾಗಿ ಕೈ ಚಾಚಿದ. ಮಾರೇಶ್ ತನ್ನ ಹತ್ತಿರವಿದ್ದ ಲಾರಿಯ ಚಾವಿ ಕೊಟ್ಟ. ಹಣೆಯ ಮೇಲೆ ಕುಂಕುಮ ಹಾಗೇ ಇತ್ತು. ಹೋಗುವಾಗ ಅವನು ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ, ಗೇಜಿನ ಮುಳ್ಳು ನೋಡುವವರ ಹಾಗೆ ಏನೋ ತಿಳಿದುಕೊಳ್ಳಲು ನೋಡಿದ. ನಾನು ಪ್ಲಗ್ ಒರೆಸುತ್ತ ಕುಳಿತೆ.

ಕಾರನ್ನು ನನ್ನ ಗ್ಯಾರೇಜಿಗೆ ತಳ್ಳಿಸಿಕೊಂಡು ಬಂದರು. ಎಂಜಿನ್ ಇಳಿಸಿ ಹುಬ್ಬಳ್ಳಿಗೆ ಕಳಿಸುವ ಮಾತಾಯಿತು. ನಾಲ್ಕನೆಯ ದಿನ ಮಧ್ಯಾಹ್ನ, ಕೆಲಸದವರೆಲ್ಲ ಊಟಕ್ಕೆ ಹೋಗಿದ್ದಾಗ, ನಟ್ಟು ಬಿಚ್ಚಲು ಕೂತವನು ಸುಮ್ಮನೆ ಅವನು ಹೇಳಿದ್ದನ್ನು ಮಾಡಿ ನೋಡಿದೆ. ಅವನದು ಬರೀ ಬೊಗಳೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಫ್ಯೂಸ್ ತೆಗೆದೆ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದಾಗ ತೂತುಗಳಿಂದ ಪೆಟ್ರೋಲು ಚಿಮ್ಮಿತು. ನಾಲ್ಕು ಹನಿ ಎಣ್ಣೆ ಬಿಟ್ಟೆ. ಒಣಗಿದ ಪ್ಲಗ್ ಕೂರಿಸಿ, ಕಾಲು ಪೂರ್ತಿ ಒತ್ತಿ, ಚಾವಿ ತಿರುಗಿಸಿದೆ. ಮೊದಲು ಎರಡು ಸಲ ಕೆಮ್ಮಿತು. ಫ್ಯೂಸ್ ಮರಳಿ ಹಾಕಿ ಇನ್ನೊಮ್ಮೆ ತಿರುಗಿಸಿದೆ. ಶೆಡ್ಡಿನ ತುಂಬ ಬಿಳಿ ಹೊಗೆ ಎದ್ದು, ಎಂಜಿನ್ ಹಿಡಿದುಕೊಂಡಿತು.

ಇಪ್ಪತ್ತೆಂಟು ವರ್ಷದಲ್ಲಿ ಸತ್ತ ಎಂಜಿನ್ ಮಾತಾಡಿದಾಗ ಸಂತೋಷವಾಗದೆ ಹೋದದ್ದು ಅದೊಂದೇ ಸಲ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಹತ್ತು ನಿಮಿಷ ಹಾಗೇ ಬಿಟ್ಟೆ. ಪೂರ್ತಿ ಬಿಸಿಯಾದ ಮೇಲೆ ಬಂದ್ ಮಾಡಿದೆ.

ಅವತ್ತಾದರೂ ಹೇಳಬಹುದಿತ್ತು. ಕಾರು ಚಾಲೂ ಆದ ಸುದ್ದಿ ತಿಳಿದು ಪ್ರವೀಣಕುಮಾರ ಓಡಿ ಬಂದು, "ಏನಾಗಿತ್ತು ಮೇಸ್ತ್ರಿ?" ಎಂದು ಕೇಳಿದ. "ಒಳಗ ಸೀಲು ಕಚ್ಚಿತ್ರಿ, ಬಿಡಿಸಿದೆ" ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು! ಹುಬ್ಬಳ್ಳಿಯವರಿಗೇ ಆಗದ್ದನ್ನು ನಮ್ಮ ಮೇಸ್ತ್ರಿ ಮಾಡಿದ ಎಂದು ಅವನು ಯಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಕಾರು ಹುಬ್ಬಳ್ಳಿಯ ಮುಖವನ್ನೇ ನೋಡಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಹೊಸ ಡ್ರೈವರ್ ಎಣ್ಣೆಯ ಕಡ್ಡಿ ಹಿಡಿದುಕೊಂಡು ಬಂದ. ನಾನೇ ನನ್ನ ಕೈಯಾರೆ ಗುರುತಿನವರೆಗೆ ಹಾಕಿದ್ದ ಎಣ್ಣೆ ಒಂದು ಲೀಟರ್ ಕಡಿಮೆಯಾಗಿತ್ತು. ಹುಬ್ಬಳ್ಳಿಯಲ್ಲಿ ನನಗೆ ಗುರುತಿನ ಬಿಡಿಭಾಗದ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದೆ. ಅವನು ನಕ್ಕುಬಿಟ್ಟ. "ರೋಟರಿ ಏನ್ರಿ? ಅದು ಎಣ್ಣಿ ಕುಡೀಬೇಕ್ರಿ. ಪೆಟ್ರೋಲಿನ ಜೋಡಿ ಸ್ವಲ್ಪ ಸ್ವಲ್ಪ ಸುಡ್ಲಿ ಅಂತನ ಹಂಗ ಮಾಡ್ಯಾರ. ಇಷ್ಟೂ ಗೊತ್ತಿಲ್ಲೇನು ನಿಮಗ?"

ಮನೆಗೆ ಬಂದು ಊಟಕ್ಕೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಹೆಂಡತಿ ಹಂಪಕ್ಕ ಎಲ್ಲ ಕೇಳಿಸಿಕೊಂಡು, "ಹೋಗಿ ಹೇಳಿ ಬರ್ರಿ. ಆ ಹುಡುಗ ನಮ್ಮ ಮನ್ಯಾಗ ಉಂಡಾನ" ಎಂದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಮಾರೇಶನ ಸುದ್ದಿ ಅಷ್ಟರಲ್ಲಿ ಕಿವಿಗೆ ಬಿದ್ದಿತ್ತು. ಹೊಸಪೇಟೆ, ಕೂಡ್ಲಿಗಿ ಎಲ್ಲಿ ಕೇಳಿದರೂ ಅವನಿಗೆ ಸ್ಟೇರಿಂಗ್ ಕೊಡುವವರಿಲ್ಲ. ಎಣ್ಣೆ ಮಾರುವವನು ಎಂಬ ಹೆಸರು ಅವನಿಗಿಂತ ಮೊದಲೇ ಪ್ರತಿ ಯಾರ್ಡು ಮುಟ್ಟಿತ್ತು. ಹೇಳಿದವನು ನಾಗೇಂದ್ರಪ್ಪ ಮೇಸ್ತ್ರಿ ಅಂದ ಮೇಲೆ ಅನುಮಾನ ಪಡುವವರು ಯಾರು? ಅವನು ಊರಿಗೆ ಹೋಗಿ ಹೊಳೆಯ ದಂಡೆಯಲ್ಲಿ ಇಟ್ಟಿಗೆ ಹೊರುತ್ತಿದ್ದ.

ಹಡಗಲಿಗೆ ಹೋಗಿ, ಅಲ್ಲಿಂದ ಮಾಗಳದ ಬಸ್ಸು ಹಿಡಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ತಾಯಿ ಗಾಳೆಮ್ಮ ನನ್ನನ್ನು ನೋಡಿ ಗಾಬರಿಯಾದಳು. ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ಕೊಟ್ಟಳು. ಮೈಗೆಲ್ಲ ಕೆಂಪು ಧೂಳು ಮೆತ್ತಿಕೊಂಡು ಬಂದ ಮಾರೇಶ್ ಬಾಗಿಲಲ್ಲೇ ಕೇಳಿದ: "ಮೇಸ್ತ್ರಿ, ಕಾರು ಚಾಲೂ ಆತೇನ್ರಿ?"

ಅವನ ಮುಖದಲ್ಲಿದ್ದದ್ದು ಬರೀ ಆಸೆ. ಅದನ್ನು ನೋಡಲಾಗದೆ ತಲೆ ತಗ್ಗಿಸಿದೆ. ಅಡುಗೆಯ ಒಲೆಯ ಪಕ್ಕ ಕೂತು ಎಲ್ಲ ಹೇಳಿದೆ. ಮೂರು ಸಲ ಬಂದ್ ಮಾಡಿದ್ದು, ಅವನು ಹೇಳಿದಂತೆ ಮಾಡಿದಾಗ ಹಿಡಿದದ್ದು, ಸೀಲು ಕಚ್ಚಿತ್ತೆಂದು ಸುಳ್ಳು ಹೇಳಿದ್ದು, ಹುಬ್ಬಳ್ಳಿಯವನ ನಗು.

ಮಾರೇಶ್ ಕೈಯ ಧೂಳು ಉಜ್ಜಿಕೊಂಡ. "ನೀವು ಹೇಳಿದ್ ಮ್ಯಾಲೆ ನಂದ ಏನರ ತಪ್ಪಿರ್ಬೇಕು ಅನ್ಕಂಡಿದ್ದೆ ರೀ," ಅಂದ. "ಎಣ್ಣಿ ಸರಿಯಾಗಿ ನೋಡ್ಲಿಲ್ಲೇನೋ ಅಂತ ದಿನಾ ಲೆಕ್ಕ ಹಾಕ್ತಿದ್ದೆ."

ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದ ಗಾಳೆಮ್ಮ ತಿರುಗದೆ ಮಾತಾಡಿದಳು. "ಯಪ್ಪಾ, ಅವತ್ತು ನಲವತ್ತು ಮಂದಿ ಮುಂದ ಹೇಳಿದ್ರಂತ. ಇವತ್ತು ನಮ್ಮ ಮನಿ ಒಳಗ ಬಂದು ಹೇಳಾಕತ್ತೀರಿ. ನಮ್ಮ ಒಲಿಗೆ ಗೊತ್ತಾದ್ರ ಇವನಿಗೆ ಯಾರು ಗಾಡಿ ಕೊಡ್ತಾರ್ರೀ?"

"ಮಂದಿ ಮುಂದನ ಹೇಳ್ತೀನಿ ತಾಯಿ," ಅಂದೆ. ಆ ಕ್ಷಣಕ್ಕೆ ನಿಜವಾಗಿಯೂ ಹೇಳುವವನಿದ್ದೆ. ಪ್ರವೀಣಕುಮಾರನಿಗೆ, ಯಾರ್ಡಿನವರಿಗೆ, ಎಲ್ಲರಿಗೂ. ಮನಸ್ಸು ಹಗುರಾದಂತೆಯೂ ಆಯಿತು.

ಮಾರೇಶ್ ಬಸ್ಸಿನವರೆಗೆ ಕಳಿಸಲು ಬಂದ. ಬೇವಿನ ಮರದ ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಬಸ್ಸಿಗೆ ಕಾಯುತ್ತಿದ್ದರು. ಅವರಲ್ಲಿ ಇಬ್ಬರು ಲಾರಿಯವರು ಎಂದು ಅಂಗಿ ನೋಡಿದರೇ ತಿಳಿಯುತ್ತಿತ್ತು. ಒಬ್ಬ ಹಿರಿಯ ಸರಿದು ಜಾಗ ಕೊಟ್ಟ. ದೊಡ್ಡಬೀರಪ್ಪ ಎಂದು ಮಾರೇಶ್ ಹೆಸರು ಹೇಳಿದ. ನನ್ನನ್ನು ತೋರಿಸಿ, "ನಮ್ಮ ಮೇಸ್ತ್ರಿ, ಕೊಟ್ಟೂರ್ನವರು. ನನಗ ಕೆಲಸ ಕಲಿಸಿದವರು" ಅಂದ.

ದೊಡ್ಡಬೀರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಓ, ನೀವ ಏನ್ರಿ ನಾಗೇಂದ್ರಪ್ಪ ಮೇಸ್ತ್ರಿ? ಈ ನಮ್ಮ ಹುಡುಗ ಎಣ್ಣಿ ಮಾರಿದ್ನಂತ, ನೀವ ಹಿಡದ್ರಂತ. ಖರೇ ಏನ್ರಿ?"

ಮಾರೇಶ್ ನನ್ನನ್ನು ನೋಡಿದ. ಹೇಳಬೇಕಾದದ್ದು ಒಂದೇ ಮಾತು: ಸುಳ್ಳು, ತಪ್ಪು ನಂದು. ಬಾಯಿ ತೆರೆದೆ. ಹದಿನೈದು ಜೊತೆ ಕಣ್ಣು ನನ್ನ ಮೇಲಿದ್ದವು. ಎಲ್ಲದರಲ್ಲೂ ದೊಡ್ಡ ಮೇಸ್ತ್ರಿಯನ್ನು ಕಂಡ ಮರ್ಯಾದೆ ಇತ್ತು.

"ಅದೆಲ್ಲ ಆಗಿಹೋದ ಮಾತು," ಅಂದೆ. "ಈಗ್ಯಾಕ ಬಿಡ್ರಿ."

ದೊಡ್ಡಬೀರಪ್ಪನ ಮುಖ ಅರಳಿತು. "ನೋಡ್ರಲೇ," ಎಂದು ಕಟ್ಟೆಯವರ ಕಡೆ ತಿರುಗಿದ, "ಇಷ್ಟಾದ್ರೂ ಇವನ್ನ ಕ್ಷಮಿಸಿ ಮನಿಗೆ ಬಂದು ಮಾತಾಡ್ಸಿ ಹೊಂಟಾರ. ಎಂಥ ದೊಡ್ಡ ಮನಸ್ಸು!" ಆಮೇಲೆ ಮಾರೇಶನಿಗೆ ಬುದ್ಧಿ ಹೇಳಿದ: "ಇನ್ನರ ನೆಟ್ಟಗಿರು. ಮೇಸ್ತ್ರಿ ಕಾಲಿಗೆ ಬೀಳಲೇ."

ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಹಡಗಲಿಯ ಬಸ್ಸು ತಿರುವಿನಲ್ಲಿ ಕಂಡಿತು. ಮಾರೇಶ್ ಬಗ್ಗಿದ. ಅವನ ಬೆರಳು ನನ್ನ ಪಾದಕ್ಕೆ ತಾಗಿದವು. ಎದ್ದು ನಿಂತು, ನನ್ನ ಮುಖ ನೋಡದೆ, ಬಸ್ಸಿಗೆ ಕೈ ಅಡ್ಡ ಹಿಡಿದ.

ನಾನು ಹತ್ತಿದೆ.