ಮೈತೆಯ ಅಪ್ಪನ ತೊಟ್ಟಿ

ಕವಲು ಬಂದಾಗ ನನ್ನ ಗಂಡ ರಾಯ್ಸ್ ಟ್ರಕ್ ನಿಲ್ಲಿಸಿ ಕೆಳಗಿಳಿದ. ಇಳಿದವನೇ ದಾರಿ ಪಕ್ಕದ ಕುರುಚಲು ಸೇಜ್ ಗಿಡದಿಂದ ಒಂದು ಕೊಂಬೆ ಮುರಿದುಕೊಂಡ. ಇಪ್ಪತ್ತೆರಡು ವರ್ಷದಿಂದ ನಾವು ತಪ್ಪದೆ ನಡೆಸಿಕೊಂಡು ಬಂದ ಕ್ರಮ ಇದು. ಜಲ್ಲಿ ರಸ್ತೆ ಬಿಟ್ಟು ಎಡಕ್ಕೆ ಹೊರಳಿದ ಮೇಲೆ ಮೂವತ್ತು ಹೆಜ್ಜೆಯಷ್ಟು ದೂರ ನಮ್ಮ ಚಕ್ರದ ಗುರುತನ್ನು ಗುಡಿಸಿ ಅಳಿಸಬೇಕು. ಇಲ್ಲಿ ಯಾರೋ ಹೊರಳಿದ್ದಾರೆ ಎಂದು ಹಿಂದೆ ಬಂದವರಿಗೆ ಗೊತ್ತಾಗಬಾರದು. ಉತ್ತರ ನೆವಾಡಾದಲ್ಲಿ ಟ್ರಕ್ಕಿನ ಬೆನ್ನ ಮೇಲೆ ಕ್ಯಾಂಪರ್ ಎಂಬ ಪುಟ್ಟ ಮನೆ ಹೇರಿಕೊಂಡು ತಿರುಗುವ ಮಾನವಂತರು ಯಾರೂ ಒಳ್ಳೆಯ ಜಾಗದ ದಾರಿ ಹೇಳುವುದಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ "ಅತ್ಲಾಗೆ" ಅನ್ನುತ್ತಾರೆ. ಕೇಳಿದವರು ಮತ್ತೆ ಕೇಳುವುದಿಲ್ಲ.

ರಾಯ್ಸ್ ಕೊಂಬೆ ಹಿಡಿದುಕೊಂಡು ಪೆದ್ದನ ಹಾಗೆ ನಿಂತೇ ಇದ್ದ. ಗುಡಿಸಲು ಅಲ್ಲಿ ಏನೂ ಇರಲಿಲ್ಲ. ಎರಡು ಗೆರೆಯ ಜಾಡು ಇದ್ದಲ್ಲಿ ಈಗ ಎರಡು ಟ್ರಕ್ಕು ಎದುರುಬದುರಾಗಿ ಹೋಗುವಷ್ಟು ಅಗಲದ ರಸ್ತೆಯಾಗಿತ್ತು. ಪಕ್ಕದಲ್ಲಿ ಯಾರೋ ಕಲ್ಲು ಗುಪ್ಪೆ ಹಾಕಿ, ಅದಕ್ಕೊಂದು ಕೋಲು ಸಿಕ್ಕಿಸಿ, ಕೋಲಿಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿದ್ದರು.

"ಇದೇನೇ ಇದು, ಮದ್ವೆ ಮನೆಗೆ ದಾರಿನಾ?" ಅಂದರು ಹಿಂದಿನ ಸೀಟಿನಿಂದ ಮೈತೆ.

ಮೈತೆಗೆ ಎಂಬತ್ತಮೂರು. ಸ್ಪೇನಿನ ಬಾಸ್ಕ್ ಸೀಮೆಯಿಂದ ಬಂದ ಕುರಿಗಾಹಿಯ ಮಗಳು. ಶಾಲೆಯ ಅಡುಗೆಮನೆಯಲ್ಲಿ ನಾನು ತಟ್ಟೆ ತೊಳೆಯುತ್ತಿದ್ದಾಗ ಅವರು ಅಲ್ಲಿ ದೊಡ್ಡ ಅಡುಗೆಯವರು. ನನಗೀಗ ಅರವತ್ತನಾಲ್ಕಾದರೂ ನನ್ನನ್ನು "ಹುಡುಗಿ" ಎಂದು ಕರೆಯುವ ಜೀವ ಭೂಮಿಯ ಮೇಲೆ ಅದೊಂದೇ ಉಳಿದಿದೆ. ಅವರ ಸೊಂಟದ ಕೀಲು ಪೂರಾ ಸವೆದುಹೋಗಿ, ಸೋಮವಾರಕ್ಕೆ ಆಪರೇಷನ್ ನಿಗದಿಯಾಗಿತ್ತು. ಹೋದ ವಾರ ಫೋನ್ ಮಾಡಿದ್ದರು. "ಕೊಯ್ಯೋಕ್ ಮುಂಚೆ ಒಂದ್ಸಲ ಅಪ್ಪನ ತೊಟ್ಟೀಲಿ ಕೂತ್ಕೋಬೇಕು ಕಣೆ ಹುಡುಗಿ. ಆಮೇಲೆ ಏಳ್ತೀನೋ ಇಲ್ವೋ ಯಾರಿಗ್ಗೊತ್ತು. ಕರ್ಕೊಂಡ್ ಹೋಗ್ತೀಯಾ?"

ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಆ ತೊಟ್ಟಿಯನ್ನು ಅವರಪ್ಪ ಹೇಸರಗತ್ತೆಯ ಮೇಲೆ ಹೇರಿಕೊಂಡು ತಂದು, ಬಿಸಿನೀರಿನ ಬುಗ್ಗೆಯ ಬಾಯಿಗೆ ಕೊಳವೆ ಇಟ್ಟು ಕೂರಿಸಿದ್ದ. ತಗಡಿನ ತೊಟ್ಟಿ, ಮೂರು ಜನ ಕೂರಬಹುದು. ನನ್ನ ಬಾಯಿ ಎಷ್ಟು ಗಟ್ಟಿ ಎಂದು ಎರಡು ವರ್ಷ ಪರೀಕ್ಷೆ ಮಾಡಿ, ನಾವು ಈ ಕ್ಯಾಂಪರ್ ಕೊಂಡ ವರ್ಷ ಮೈತೆ ನಮಗೆ ಆ ಜಾಗ ತೋರಿಸಿದ್ದರು. "ಹೆಸ್ರು ಹೇಳ್ಬೇಡ, ದಾರಿ ಹೇಳ್ಬೇಡ" ಎನ್ನುವುದೊಂದೇ ಅವರ ಷರತ್ತು.

ಮುಂದಿನ ಒಂಬತ್ತು ಮೈಲಿ ನಾನು ಬಾಯಿ ಮುಚ್ಚಲಿಲ್ಲ.

"ನೀನೇ ತಾನೆ? ಹೇಳು ರಾಯ್ಸ್. ತಿಂಡಿ ತಟ್ಟೆ ಫೋಟೋನೂ ಬಿಡಲ್ಲ ನೀನು, ಫೋನಲ್ಲಿ ಊರಿಗೆಲ್ಲ ಹಂಚ್ತೀಯ. ಇದನ್ನೂ ಹಂಚಿದ್ಯಾ?"

"ನಾನಲ್ಲ ವರ್ನಾ."

"ಮತ್ಯಾರು, ನರಿ ಬಂದು ರಿಬ್ಬನ್ ಕಟ್ತಾ?"

"ನಾನಲ್ಲ ಅಂದ್ನಲ್ಲ."

"ನಲ್ವತ್ತು ವರ್ಷ ನಿನ್ನ ಗೊರಕೆ ಸಹಿಸ್ಕೊಂಡಿದೀನಿ. ಈ ಸುಳ್ಳೊಂದು ಬಾಕಿ ಇತ್ತು ನೋಡು."

ಹಿಂದಿನಿಂದ ಮೈತೆ ನನ್ನ ಭುಜ ತಟ್ಟಿದರು. "ಬಿಡೆ ಹುಡುಗಿ. ಗಂಡಸ್ರ ಬಾಯಿ ತೂತು ಬಕೆಟ್ಟು. ನಿನ್ ತಪ್ಪೇನಿದೆ ಅದ್ರಲ್ಲಿ?" ರಾಯ್ಸ್ ದಾರಿ ನೋಡುತ್ತಾ ಸುಮ್ಮನೆ ಓಡಿಸಿದ. ಅವನ ಆ ಸುಮ್ಮನಿರುವ ಬುದ್ಧಿ ಕಂಡರೇ ನನಗೆ ಮೈಯೆಲ್ಲ ಉರಿಯುತ್ತದೆ.

ದಿಬ್ಬ ಹತ್ತಿ ಇಳಿದರೆ, ಬುಗ್ಗೆಯ ಸುತ್ತ ಹನ್ನೊಂದು ಗಾಡಿ ನಿಂತಿದ್ದವು. ಎಣಿಸಿದೆ. ಎಣಿಸಿದ ಮೇಲೆ ಮೂಗು ಮುಚ್ಚಿಕೊಂಡೆ. ಪ್ರತಿ ಸೇಜ್ ಗಿಡದ ಬುಡದಲ್ಲೂ ಕಾಗದ ಇತ್ತು. ಒರೆಸಿ ಎಸೆದ ಬಿಳಿ ಕಾಗದ, ಹಳದಿ ಕಾಗದ, ಗಾಳಿಗೆ ಹಾರಿ ಮುಳ್ಳಿಗೆ ಸಿಕ್ಕಿಕೊಂಡು ತೋರಣದ ಹಾಗೆ ಪಟಪಟ ಅನ್ನುತ್ತಿತ್ತು. ಅದರ ಪಕ್ಕದಲ್ಲಿ ಕಾಗದದ ಒಡೆಯರ ಕಾಣಿಕೆಯೂ ಇತ್ತು. ಮಣ್ಣು ಮುಚ್ಚುವಷ್ಟು ದಯೆಯೂ ಅವರಿಗೆ ಇರಲಿಲ್ಲ. ಮಗುವಿನ ಡಯಾಪರ್ ಒಂದನ್ನು ಉಂಡೆ ಕಟ್ಟಿ, ಬಂಡೆಯ ಮೇಲೆ ಜೋಪಾನವಾಗಿ ಇಟ್ಟುಹೋಗಿದ್ದರು, ಯಾರಿಗೋ ಬೇಕಾಗಬಹುದು ಎನ್ನುವಂತೆ. ಈ ಒಣ ನೆಲದಲ್ಲಿ ಯಾವುದೂ ಕೊಳೆಯುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಒಣಗಿ ಕೂತಿರುತ್ತದೆ.

ನಾವು ನಮ್ಮದನ್ನು ಚೀಲಕ್ಕೆ ಹಾಕಿ, ವಾಸನೆ ಹೀರುವ ಪುಡಿ ಉದುರಿಸಿ, ಮುಚ್ಚಳದ ಬಕೆಟ್ಟಿನಲ್ಲಿ ಮನೆಗೆ ಹೊತ್ತುಕೊಂಡು ಹೋಗುತ್ತೇವೆ. ಕೇಳಿದವರು ಮುಖ ಹಿಂಡುತ್ತಾರೆ. ಮುಖ ಹಿಂಡುವವರೇ ಇಲ್ಲಿ ಬಂದು ಗಿಡದ ಬುಡ ಹುಡುಕುವವರು.

ತೊಟ್ಟಿಯಲ್ಲಿ ಒಂದು ನಾಯಿ ಇತ್ತು. ಎಮ್ಮೆಕರುವಿನಷ್ಟು ದೊಡ್ಡ ನಾಯಿ. ಮೂವತ್ತು ದಾಟಿದ ಗಡ್ಡದವನೊಬ್ಬ ಅದಕ್ಕೆ ಶಾಂಪೂ ಹಚ್ಚಿ ತಿಕ್ಕುತ್ತಿದ್ದ. ನೊರೆ ತೊಟ್ಟಿಯ ಅಂಚು ದಾಟಿ ಕೆಳಗಿನ ಹುಲ್ಲಿಗೆ ಇಳಿಯುತ್ತಿತ್ತು.

"ಅಪ್ಪನ ತೊಟ್ಟೀಲಿ..." ಎಂದ ಮೈತೆ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಆದ್ರೂ ಬಂದಾಗಿದೆ. ತೊಳ್ದು ನೀರು ತುಂಬಿಸಿದ್ರೆ ಆಯ್ತು. ಬಟ್ಟೆ ಬದಲಾಯಿಸ್ಕೋತೀನಿ, ಒಂಚೂರು ಚಾವಣಿ ಎತ್ತಿ," ಅಂದರು.

ನಮ್ಮ ಕ್ಯಾಂಪರ್ ಮುಚ್ಚಿದಾಗ ಬರೀ ಪೆಟ್ಟಿಗೆ. ಕೊಂಡಿ ಬಿಚ್ಚಿ, ಒಳಗಿನಿಂದ ಬೆನ್ನು ಕೊಟ್ಟು ನೂಕಿದರೆ ಚಾವಣಿ ಮೇಲೇಳುತ್ತದೆ, ಸುತ್ತ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಳ್ಳುತ್ತದೆ. ಆಗ ಒಳಗೆ ಒಬ್ಬರು ನಿಲ್ಲಬಹುದು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ರಾಯ್ಸ್ ಹೊರಗೆ ಕೊಂಡಿ ಬಿಚ್ಚಿದ, ನಾನು ಒಳಗೆ ಬೆನ್ನು ಕೊಟ್ಟೆ. ಕ್ಯಾನ್ವಾಸಿನ ಎಡಬದಿಗೆ ನನ್ನ ಹಳೆಯ ಕೆಂಪು ಮಳೆಕೋಟಿನ ತೇಪೆ ಹಾಕಿದ್ದೆ. ಅದು ಬಿಚ್ಚಿಕೊಂಡದ್ದೇ ತಡ, ಗಡ್ಡದವನು ನಾಯಿ ಬಿಟ್ಟು ಓಡಿಬಂದ.

"ಅಯ್ಯೋ ದೇವ್ರೇ, ಕೆಂಪು ತೇಪೆ! ಅದೇ ಕ್ಯಾಂಪರ್ರು! ನೀವೇ ತಾನೆ ವರ್ನಾ?"

ಅಷ್ಟರಲ್ಲಿ ನಾನು ಹೊರಗೆ ಬಂದು ಮೈತೆಗೆ ಕೈ ಕೊಟ್ಟು ಮೆಟ್ಟಿಲು ಹತ್ತಿಸುತ್ತಿದ್ದೆ. "ಹೌದು. ನೀನ್ಯಾರು?"

"ನಾನು ಕೋಲ್ಬಿ. ಏಯ್, ಬರ್ರೋ ಎಲ್ಲಾರೂ, ವರ್ನಾ ಬಂದಿದಾರೆ! ವರ್ನಾನ ತೊಟ್ಟಿ, ವರ್ನಾನ ತೊಟ್ಟಿ ಅಂತ ಬಂದ್ವಿ, ವರ್ನಾನೇ ಸಿಕ್ಬಿಟ್ರು!"

"ಯಾರ ತೊಟ್ಟಿ?" ಅಂದರು ಮೈತೆ.

"ವರ್ನಾನ ತೊಟ್ಟಿ ಅಜ್ಜಿ. ಮ್ಯಾಪಲ್ಲಿ ಹಾಗೇ ಇದೆ. ನಾನೇ ಹಾಕಿದ್ದು." ಅವನು ಒದ್ದೆ ಕೈ ಚಡ್ಡಿಗೆ ಒರೆಸಿಕೊಂಡು ಫೋನ್ ತೆಗೆದು ಮೈತೆಯ ಮುಖದ ಮುಂದೆ ಹಿಡಿದ.

ಅದರಲ್ಲಿ ನಾನಿದ್ದೆ. ತೊಟ್ಟಿಯಲ್ಲಿ ಕೂತು, ಒದ್ದೆ ತಲೆ ಬಾಚಿಕೊಂಡು, ಹಲ್ಲೆಲ್ಲ ಬಿಟ್ಟು ನಗುತ್ತಿದ್ದೆ. ಪಕ್ಕದಲ್ಲಿ ಕೆಂಪು ತೇಪೆಯ ಕ್ಯಾಂಪರ್. ಕೆಳಗೆ ಅಚ್ಚಿನಲ್ಲಿ "ವರ್ನಾ, ಅತ್ಲಾಗೆ" ಎಂದಿತ್ತು.

ಹೇಳಿಬಿಡುತ್ತೇನೆ. ನಮ್ಮ ಕ್ಯಾಂಪರ್ ಸಂಘ ತಿಂಗಳಿಗೊಂದು ಪತ್ರಿಕೆ ತರುತ್ತದೆ. ಪ್ರತಿ ಸಲವೂ ಅದರಲ್ಲಿ ಯಾರದೋ ಹೊಚ್ಚ ಹೊಸ ಕ್ಯಾಂಪರ್, ಯಾರದೋ ಬೊಕ್ಕ ತಲೆ, ಯಾವುದೋ ಸಪ್ಪೆ ಕೆರೆ. ನೋಡಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಿಮ್ಮೆಲ್ಲರಿಗಿಂತ ಚಂದದ ಜಾಗ ನನಗೆ ಗೊತ್ತಿದೆ, ನೋಡಿ ಸಾಯಿರಿ ಅನ್ನಿಸಿತು. ಹೋದ ಚಳಿಗಾಲದಲ್ಲಿ ಈ ಫೋಟೋ ಕಳಿಸಿದೆ. ಜಾಗದ ಹೆಸರು ಬರೆಯಲಿಲ್ಲ, ದಾರಿ ಬರೆಯಲಿಲ್ಲ. "ಅತ್ಲಾಗೆ" ಎಂದು ಬರೆದೆ, ಅಲ್ಲಿಗೆ ಬೀಗ ಹಾಕಿದ ಹಾಗಾಯಿತು ಎಂದುಕೊಂಡೆ. ಪತ್ರಿಕೆ ಬಂದಾಗ ಮೈತೆಗೆ ತೋರಿಸಲಿಲ್ಲ. ತೋರಿಸಬಾರದು ಎಂದು ಆಗಲೇ ತಿಳಿದಿತ್ತು ಅಂದರೆ, ಮಾಡಿದ್ದು ಎಂಥದ್ದು ಎಂಬುದೂ ತಿಳಿದಿತ್ತು ಎಂದೇ ಅರ್ಥ.

"ಜಾಗ ಹೆಂಗೆ ಗೊತ್ತಾಯ್ತು ನಿಂಗೆ?" ಅಂದ ರಾಯ್ಸ್. ಅವನ ದನಿ ಮೆತ್ತಗಿತ್ತು.

"ಅಯ್ಯೋ, ಸುಲಭ ಸಾರ್! ಅವರ ತಲೆ ಹಿಂದೆ ಗುಡ್ಡ ಇದ್ಯಲ್ಲ, ಎರಡು ಹಲ್ಲಿನ ಥರ ಕೋಡು. ಅದರ ಗೆರೆನ ಕಂಪ್ಯೂಟರಲ್ಲಿ ನಕ್ಷೆ ಜೊತೆ ಹೊಂದಿಸ್ತಾ ಹೋದೆ. ಒಂದು ಮಧ್ಯಾಹ್ನದ ಕೆಲಸ. ಸಾವಿರಾರು ಜನ ನೋಡಿದಾರೆ ಈಗ. ವರ್ನಾ, ಒಂದು ಫೋಟೋ ತಗೋಳಾಣ, ಬನ್ನಿ."

ಇಪ್ಪತ್ತೆರಡು ವರ್ಷ ಚಕ್ರದ ಗುರುತು ಗುಡಿಸಿದವರು ನಾವು. ತಲೆಯ ಹಿಂದೆ ಒಂದು ಇಡೀ ಗುಡ್ಡ ನಿಂತದ್ದು ಕಾಣಲಿಲ್ಲ.

ಮೈತೆ ನನ್ನ ಕೈ ಬಿಟ್ಟರು. ಕ್ಯಾಂಪರಿನ ಅಂಚು ಹಿಡಿದು, ಮೆಟ್ಟಿಲಿನಿಂದ ತಾವೇ ಒಂದೊಂದೇ ಕಾಲಿಟ್ಟು ಇಳಿದರು. ಹಿಡಿದುಕೊಳ್ಳಲು ಹೋದೆ, ಮೊಣಕೈ ಹಿಂದಕ್ಕೆಳೆದುಕೊಂಡರು. ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ರಾಯ್ಸ್ ನನ್ನ ಕಡೆ ನೋಡಲಿಲ್ಲ. ಒಂದು ಮಾತು ಆಡಿದ್ದರೆ, ಹೀಯಾಳಿಸಿದ್ದರೆ ಜಗಳಕ್ಕಾದರೂ ದಾರಿಯಿರುತ್ತಿತ್ತು. ಅವನು ಸಲಿಕೆ ಮತ್ತು ಕಸದ ಚೀಲಗಳನ್ನು ತೆಗೆದುಕೊಂಡು ಗಿಡಗಳ ಕಡೆ ನಡೆದ.

ನನ್ನ ಮೇಲೆ ನನಗೆ ಬಂದ ಹೇಸಿಗೆ ಎಷ್ಟಿತ್ತೆಂದರೆ ಅದನ್ನು ಯಾರ ಮೇಲಾದರೂ ಸುರಿಯಲೇಬೇಕಿತ್ತು. ಕೋಲ್ಬಿಯ ಮೇಲೆ ಸುರಿದೆ.

"ಮೊದ್ಲು ಆ ನಾಯಿ ಎತ್ತು. ಎತ್ತೋ! ಆ ತೊಟ್ಟಿ ಕೂರಿಸಿದ ಮನುಷ್ಯ ಕುರಿಗೂ ಅದ್ರಲ್ಲಿ ನೀರು ಕುಡಿಸ್ಲಿಲ್ಲ. ಅವನ ಮಗಳು ಆ ಟ್ರಕ್ಕಲ್ಲಿ ಕೂತಿದಾರೆ. ಸ್ನಾನಕ್ಕೆ ಅಂತ ಬಂದಿದಾರೆ. ಸೋಮವಾರ ಅವರಿಗೆ ಆಪರೇಷನ್ನು."

"ಅಯ್ಯೋ, ಪಾಪ. ನಮಗೇನ್ ಗೊತ್ತು?" ಅಂದ ಕೋಲ್ಬಿ, ನಿಜವಾಗಿಯೂ ಬೇಜಾರಿನಿಂದ. "ತೊಳ್ಕೊಡ್ಲಾ?"

"ನೀನು ಮುಟ್ಬೇಡ."

ತೊಟ್ಟಿಯ ಅಡಿಯಲ್ಲಿ ನೀರು ಬಿಡುವ ತೂತಿಗೆ ಗೋಣಿ ಸುತ್ತಿದ ಮರದ ಬೆಣೆಯಿದೆ. ಕಿತ್ತೆ. ನೊರೆ, ಕೂದಲು, ಯಾರದೋ ಬ್ಯಾಂಡೇಜು, ಬಿಯರ್ ಡಬ್ಬಿಯ ಮುಚ್ಚಳಗಳು, ಎಲ್ಲ ಸುತ್ತಿ ಸುತ್ತಿ ಇಳಿದುಹೋದವು. ಒಳಗೆ ಇಳಿದು ಮಂಡಿಯೂರಿ ಮರಳು ಹಾಕಿ ತಿಕ್ಕಿದೆ. ತಗಡಿನ ಗೋಡೆಗೆ ಅಂಟಿದ ಜಿಡ್ಡು ಉಗುರಿನ ಸಂದಿಗೆ ಸೇರಿತು. ಸಣ್ಣ ಬುಗ್ಗೆ ಅದು, ತೊಟ್ಟಿ ತುಂಬಲು ಎರಡು ಗಂಟೆ ಬೇಕು. ಅಷ್ಟರಲ್ಲಿ ರಾಯ್ಸ್ ಜೊತೆಗೂಡಿ ಗಿಡದ ಬುಡಗಳನ್ನು ಬಳಿದೆ. ಇಕ್ಕಳ ಸಾಲದೆ ಹೋದಲ್ಲಿ ಕೈಗವಸು ಹಾಕಿದ ಕೈಯನ್ನೇ ಹಾಕಿದೆ. ಏಳು ಚೀಲ ತುಂಬಿತು. ಇಡಲು ಬೇರೆ ಜಾಗವಿಲ್ಲದೆ ಕ್ಯಾಂಪರಿನ ಒಳಗೆ, ಮೈತೆಗೆಂದು ಹಾಸಿದ್ದ ನಮ್ಮ ಹಾಸಿಗೆಯ ಪಕ್ಕದಲ್ಲಿ ಇಟ್ಟು ಚಾವಣಿ ಇಳಿಸಿದೆವು. ಊರವರ ಹೊಲಸನ್ನು ನನ್ನ ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮನೆಗೆ ಹೋಗುವ ಯೋಗ ನನ್ನದಾಗಿತ್ತು. ನನಗೆ ತಕ್ಕದ್ದೇ ಅನ್ನಿಸಿತು.

ಇಷ್ಟು ಹೊತ್ತೂ ಮೈತೆ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಆ ಸೊಂಟದಲ್ಲಿ ಹಾಗೆ ಕೂರುವುದು ಎಷ್ಟು ನೋವು ಎಂದು ನನಗೆ ಗೊತ್ತು.

ನೀರು ತುಂಬಿತು. ತಳದ ತಗಡು ಕಾಣುವಷ್ಟು ತಿಳಿ, ಮೇಲೆ ತೆಳುವಾಗಿ ಆವಿ. ಕೈಕಾಲು ತೊಳೆದುಕೊಂಡು ಟವೆಲ್ ಹಿಡಿದು ಟ್ರಕ್ಕಿನ ಬಳಿ ಹೋದೆ. ಕಿಟಕಿ ತಟ್ಟಿದೆ. ಗಾಜು ಅರ್ಧ ಇಳಿಯಿತು.

"ಮೈತೆ, ತೊಟ್ಟಿ ತುಂಬಿದೆ. ಹೊಸ ನೀರು. ಬನ್ನಿ, ನಾನು ಎತ್ಕೋತೀನಿ."

"ನಂಗೆ ಬೇಡ. ನೀವು ಸ್ನಾನ ಮಾಡಿ."

ಮೊದಲು ಅರ್ಥವಾಗಲಿಲ್ಲ. ಬೇರೆ ಯಾರಿಗೋ ಹೇಳಿದರೇನೋ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರು "ನೀವು" ಅಂದದ್ದು ನನಗೆ. ಶಾಲೆಯ ಅಡುಗೆಮನೆಗೆ ಬರುತ್ತಿದ್ದ ತಪಾಸಣೆಯವರನ್ನು, ಬ್ಯಾಂಕಿನವರನ್ನು, ಬಾಗಿಲು ತಟ್ಟುವ ಅಪರಿಚಿತರನ್ನು ಮಾತನಾಡಿಸುವ ದನಿಯಲ್ಲಿ ಹೇಳಿದ್ದರು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಮೈತೆ, ತಪ್ಪಾಯ್ತು. ಬೈಯಿರಿ. ಹಾಳಾಗ್ ಹೋಗು ಅನ್ನಿ. ಆದ್ರೆ ಸ್ನಾನ ಮಾಡಿ, ನಿಮ್ಮಪ್ಪನ ತೊಟ್ಟಿ ಅದು."

"ನಮ್ಮಪ್ಪ ಅದ್ರ ಮೇಲೆ ಹೆಸ್ರು ಬರೀಲಿಲ್ಲ," ಅಂದರು ಮೈತೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಬೆನ್ನ ಹಿಂದೆ ನೀರು ಚೆಲ್ಲಿದ ಸದ್ದು ಕೇಳಿತು. ನಾನು ಬೆನ್ನು ತಿರುಗಿಸಿದ್ದೇ ಸಾಕಾಗಿತ್ತು. ಕೋಲ್ಬಿ ಮತ್ತು ಇನ್ನಿಬ್ಬರು ತಿಳಿನೀರಿಗೆ ಇಳಿದು ಕುತ್ತಿಗೆವರೆಗೂ ಮುಳುಗಿ ಕೂತಿದ್ದರು. ಒಬ್ಬನ ಕೈಯಲ್ಲಿ ಬಿಯರ್ ಡಬ್ಬಿ. ನಾಯಿ ತೊಟ್ಟಿಯ ಅಂಚಿಗೆ ಮುಂಗಾಲು ಹಾಕಿ ನಿಂತಿತ್ತು.

"ಸೂಪರ್ ಆಗಿ ತೊಳ್ದಿದೀರಾ ವರ್ನಾ!" ಕೋಲ್ಬಿ ಕೈ ಬೀಸಿದ. "ಅಜ್ಜಿ ಬರಲ್ಲ ಅಂದ್ರೆ ನೀವು ಬನ್ನಿ, ಜಾಗ ಮಾಡ್ತೀವಿ! ವರ್ನಾ! ವರ್ನಾ!"

ಉಳಿದವರೂ ಸೇರಿಕೊಂಡು ನನ್ನ ಹೆಸರು ಕೂಗತೊಡಗಿದರು.

ಮೈತೆ ಅವರ ಕಡೆ ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಟವೆಲ್ ನೋಡಿದರು.

"ಕರೀತಿದಾರೆ ನೋಡಿ ನಿಮ್ಮನ್ನ," ಅಂದರು. "ಹೋಗಿ." ಆಮೇಲೆ ಕಿಟಕಿಯ ಗಾಜು ಏರಿಸಿಕೊಂಡರು.