ಆಯೇರದ ಫ್ರಿಜ್ಜು, ಕೈತಪ್ಪಿದ ಮನೆ

ಒಂದು ನಿಮಿಷ! ಈ ಹಾಳೆ ಮಡಚಿ ಜೇಬಿಗೆ ಹಾಕಬೇಡಿ. ಸಾಲ ಮಾಡಿ ಮನೆ ಕೊಳ್ಳುವ ಆಸೆ ನಿಮಗೂ ಇದ್ದರೆ ಇದನ್ನು ಪೂರ್ತಿ ಓದಿಬಿಡಿ. ಒಂದು ಫ್ರಿಜ್ಜು ಒಂದು ಮನೆಯನ್ನೇ ನುಂಗಿತು ಎಂದರೆ ನಂಬುತ್ತೀರಾ?

ಮಚ್ಚೇಂದ್ರ ಹುಮನಾಬಾದಿನ ಕಾರ್ಖಾನೆಯಲ್ಲಿ ಫಿಟ್ಟರ್. ಹೆಂಡತಿ ರತ್ನಮಾಲಾ ಬಟ್ಟೆ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಮಾಣಿಕನಗರದ ವ್ಯಾಪಾರಿ ವೈಜನಾಥರು ತಮ್ಮ ಎರಡು ಕೋಣೆಯ ಮನೆ ಮಾರುತ್ತಾರೆಂದು ತಿಳಿದದ್ದೇ ತಡ, ಇಬ್ಬರೂ ಓಡಿದರು. ರತ್ನಮಾಲಾ ಕೂಡಿಟ್ಟ ಐವತ್ತು ಸಾವಿರ ಮುಂಗಡ ಕೊಟ್ಟರು. ಉಳಿದದ್ದನ್ನು ಎರಡು ತಿಂಗಳಲ್ಲಿ ಕೊಡಬೇಕು, ಇಲ್ಲದಿದ್ದರೆ ಮನೆ ಬೇರೆಯವರಿಗೆ. ರತ್ನಮಾಲಾ ಅವತ್ತೇ ಕಿಟಕಿಗಳ ಅಳತೆ ತಗೊಂಡು ಪರದೆ ಹೊಲಿಯಲು ಕೂತಳು.

"ಬ್ಯಾಂಕಿನಾಗ ಏನ್ ತಕರಾರ್ ಇರ್ತದ? ಪಗಾರ ಚೀಟಿ ಅದ, ಒಂದ್ ರೂಪಾಯಿ ಸಾಲ ಇಲ್ಲ," ಎಂದು ಮಚ್ಚೇಂದ್ರ ಎದೆಯುಬ್ಬಿಸಿದ.

ಅರ್ಜಿ ಹಾಕಿದ ಹದಿನೈದು ದಿನಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ ಎಂದಿತು!

ಗಂಡ ಹೆಂಡತಿ ಪಕ್ಕದ ಮನೆಯ ಫರಹತ್ ಹತ್ತಿರ ಹೋದರು. ಫರಹತ್ ಬ್ಯಾಂಕ್ ಮಿತ್ರ. ಹಳ್ಳಿ ಹಳ್ಳಿಗೆ ಹೋಗಿ ಖಾತೆ ತೆರೆಸುವ ಕೆಲಸ. ಮಚ್ಚೇಂದ್ರನ ಫೋನಿನಲ್ಲೇ ಅವನ ಸಾಲದ ವರದಿ ತೆಗೆಸಿ ನೋಡಿದಳು.

"ಮಚ್ಚೇಂದ್ರ ಭಾಯಿ, ಮೊದಲ ಕೂಡ್ರಿ."

"ಯಾಕ್ರೀ, ಡಾಕ್ಟರ್ ಹಂಗ ಮಾತಾಡಾಕತ್ತೀರಿ?"

"ನಿಮ್ಮ ಸ್ಕೋರ್ ಐನೂರಾ ಎಂಬತ್ತು ಅದ. ಏಳ್ನೂರಾ ಐವತ್ತರ ಮ್ಯಾಲಿದ್ರ ಛಲೋ."

"ಎಂಥಾ ಸ್ಕೋರ್? ನಾ ಏನ್ ಕ್ರಿಕೆಟ್ ಆಡೀನೇನ್ರೀ?"

"ತಗೊಂಡ ಸಾಲ ಹ್ಯಾಂಗ ತೀರಿಸೀರಿ ಅನ್ನೋದಕ್ಕ ಕೊಡೋ ಅಂಕ ಇದು. ಪಗಾರ ಎಷ್ಟರ ಇರ್ಲಿ, ಬ್ಯಾಂಕಿನವರು ಇದನ್ನ ನೋಡೇ ನೋಡ್ತಾರ. ಇಲ್ ನೋಡ್ರಿ, ಫ್ರಿಜ್ಜಿನ ನಾಕು ಕಂತು ಬಾಕಿ. ಹದಿನಾಕು ತಿಂಗಳಾತು."

ರತ್ನಮಾಲಾ ನಕ್ಕೇಬಿಟ್ಟಳು. "ಫರಹತ್, ಬ್ಯಾರೆ ಯಾರದರ ಇರಬೇಕು ನೋಡವ್ವ! ನಮ್ಮನ್ಯಾಗ ಫ್ರಿಜ್ಜೇ ಇಲ್ಲ. ಮಣ್ಣಿನ ಕೊಡದಾಗಿನ ನೀರ್ ಕುಡಿಯೋರು ನಾವು!"

ಮಚ್ಚೇಂದ್ರ ಮಾತ್ರ ನಗಲಿಲ್ಲ. ಆ ಫ್ರಿಜ್ಜು ಯಾವುದೆಂದು ಅವನಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಮುಡಬಿಯಲ್ಲಿ ಅಕ್ಕನ ಮಗಳು ಆಮ್ರಪಾಲಿಯ ಮದುವೆ. ಸೋದರಮಾವ ಬರಿಗೈಯಲ್ಲಿ ಹೋಗಲಾದೀತೇ? ಆಯೇರಕ್ಕೆಂದು, ಅಂದರೆ ಮದುವೆಯ ಉಡುಗೊರೆಗೆಂದು, ತನ್ನ ಹೆಸರಿನಲ್ಲಿ ಕಂತಿನ ಮೇಲೆ ಫ್ರಿಜ್ಜು ತಂದಿದ್ದ. ಮಂಟಪದಲ್ಲಿ ಅಕ್ಕನ ಗಂಡ ಜೈಭೀಮ ಎಲ್ಲರ ಎದುರು, "ಕಡೀ ನಾಕು ಕಂತು ನಂದು," ಅಂದಿದ್ದ. ಮಚ್ಚೇಂದ್ರ ಅದಕ್ಕೂ ಮೊದಲಿನ ಕಂತುಗಳನ್ನೆಲ್ಲ ಕಟ್ಟಿ ಸುಮ್ಮನಾದ. ಅಕ್ಕನ ಮನೆಗೆ ಹೋದಾಗಲೆಲ್ಲ ಫ್ರಿಜ್ಜು ಹೇಗಿದೆ ಎಂದು ಕೇಳುತ್ತಿದ್ದ, ಕಂತಿನ ಮಾತು ಮಾತ್ರ ಎತ್ತಲಿಲ್ಲ. ನಡುವೆ ಸಿಮ್ಮು ಬದಲಾಯಿತು. ಬಾಕಿಯ ಮೆಸೇಜೆಲ್ಲ ಹಳೆಯ ನಂಬರಿಗೇ ಹೋದವು.

ಅಲ್ಲಿಂದಲೇ ಜೈಭೀಮನಿಗೆ ಫೋನು ಹಚ್ಚಿದ.

"ಅರೇ! ಆಯೇರ ಕೊಟ್ಟಾವ ನೀನಲ್ಲೇನೋ? ಮಂದಿ ಮುಂದ ಮರ್ಯಾದಿಗೆ ಒಂದ್ ಮಾತಂದೆ. ಖರೇನಂತ ತಿಳಕೊಂಡ್ಯಾ? ಅಷ್ಟ್ ಸಲ ಬಂದು ಆ ಫ್ರಿಜ್ಜಿನ ಸುದ್ದಿ ತಗದಿ, ಕಂತಿಂದು ಒಮ್ಮೆರ ಕೇಳಬಾರದಿತ್ತೇನು?"

"ಆಯೇರದ್ದು ಹ್ಯಾಂಗ್ ಕೇಳ್ಲಿ, ಭಾವಾ?"

ಮಚ್ಚೇಂದ್ರ ಫೋನು ಇಟ್ಟ.

"ಐದಾರ್ ಸಾವಿರಕ್ಕ ನನ್ನ ಮನೀ ಹೋತೇನ್ರೀ?" ರತ್ನಮಾಲಾ ಗಂಡನನ್ನು ಕೇಳಿದಳು.

"ಇವತ್ತೇ ಕಟ್ತೀನಿ! ನಾಳಿಗೆ ಸಾಲ ಸಿಗ್ತದಿಲ್ಲೋ?" ಎಂದ ಮಚ್ಚೇಂದ್ರ.

"ಸ್ಕೋರಂದ್ರ ಚಹಾ ಅಲ್ರೀ, ಐದ್ ನಿಮಿಷದಾಗ ಕುದಿಯಾಕ. ತಿಂಗಳುಗಟ್ಟಲೆ ಬೇಕು. ಕಮ್ಮಿ ರೊಕ್ಕಕ್ಕ ಮುಗಿಸ್ತೀವಿ ಅಂದ್ರ ಒಪ್ಪಬ್ಯಾಡ್ರಿ, ಅದೂ ವರದಿಯೊಳಗ ಕಲೆ ಆಗಿ ಉಳೀತದ. ದಂಡ ಸೈತ ಪೂರಾ ಕಟ್ರಿ, ಬಾಕಿ ಇಲ್ಲಂತ ಪತ್ರ ತಗೋರಿ, ವರದಿಯೊಳಗ ಬಾಕಿ ತಗದಾರಿಲ್ಲೋ ನೋಡ್ರಿ. ಹತ್ತು ಬ್ಯಾಂಕಿಗೆ ಒಮ್ಮೆಲೆ ಅರ್ಜಿ ಹಾಕಬ್ಯಾಡ್ರಿ, ಅದ್ರಿಂದನೂ ಸ್ಕೋರ್ ಇಳೀತದ," ಎಂದಳು ಫರಹತ್.

ಪೂರ್ತಿ ಕಟ್ಟಿದರು. ಪತ್ರವೂ ಬಂತು. ಅಷ್ಟರಲ್ಲಿ ಎರಡು ತಿಂಗಳು ಮುಗಿದಿತ್ತು. ವೈಜನಾಥರು ಒಳ್ಳೆಯವರು, ಮುಂಗಡ ಪೂರ್ತಿ ಮರಳಿಸಿದರು. ಮನೆ ಮಾತ್ರ ಬಸವಕಲ್ಯಾಣದವರಿಗೆ ಹೋಯಿತು. ಪರದೆಗಳು ಟ್ರಂಕಿನೊಳಗೆ ಸೇರಿದವು.

ಈಗ ರತ್ನಮಾಲಾ ತನ್ನ ಹೆಸರಿನಲ್ಲಿ ಹೊಲಿಗೆ ಯಂತ್ರಕ್ಕೆ ಸಣ್ಣ ಸಾಲ ತೆಗೆದಿದ್ದಾಳೆ, ಅವಳಿಗೂ ಒಳ್ಳೆಯ ದಾಖಲೆ ಬೆಳೆಯಲಿ ಎಂದು. ಕಂತಿನ ದಿನಕ್ಕೆ ಎರಡು ದಿನ ಮುಂಚೆಯೇ ಮಚ್ಚೇಂದ್ರ ಕೇಳುತ್ತಾನೆ, "ಕಟ್ಟೀದಿ ಇಲ್ಲೋ?" ಅವಳು ಬಿಡುತ್ತಾಳೆಯೇ? "ನಂಗ್ ಕೇಳಾಕ ಬಾಯಿ ಬರ್ತದ ನೋಡ್ರಿ!"

ನೀವೂ ಕೇಳಿ. ನಾಚಿಕೆ ಬೇಡ. ನಿಮ್ಮ ಹೆಸರಿನ ಸಾಲ ಯಾರ ಮನೆಯ ಸಾಮಾನಿಗಾದರೂ ಇರಲಿ, ಅದು ನಿಮ್ಮದೇ ಸಾಲ. ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಮನೆಗೆ ಮುಂಗಡ ಕೊಡುವುದಕ್ಕೆ ಒಂದು ವರ್ಷ ಮೊದಲೇ ತೆಗೆಸಿ ನೋಡಿ. ಫೋನ್ ನಂಬರ್ ಬದಲಾದರೆ ಸಾಲ ಕೊಟ್ಟವರಿಗೆ ತಿಳಿಸಿ.

ಆದರೂ ಒಂದು ಮಾತು. ಮದುವೆ ಮಂಟಪ, ನೂರಾರು ಜನ, ಹಿರಿಯ ಭಾವ "ಕಡೀ ನಾಕು ಕಂತು ನಂದು" ಅಂದಾಗ, ಆಮೇಲೆ "ಕಟ್ಟಿದಿರಾ?" ಎಂದು ನೀವಾಗಿದ್ದರೆ ಕೇಳುತ್ತಿದ್ದಿರಾ?